ಆರನೆಯ ಗಾಳಿಯ ನಂತರ ಒಂದು ಗುಟುಕು ನೀರು

ಬಿದಿರಿನ ಗೆರಸೆಯನ್ನು ನಡುವೆ ಇಟ್ಟುಕೊಂಡು ಅಕ್ಕ ಮತ್ತು ನಾನು ಅಕ್ಕಿ ಆರಿಸುತ್ತಿದ್ದೆವು. ಕುಚ್ಚಲಕ್ಕಿಯನ್ನು ಅವಳು ತನ್ನ ಕಡೆಯಿಂದ ತೆಳ್ಳಗೆ ಹರಡಿ ನನ್ನತ್ತ ತಳ್ಳುವಳು. ನಾನು ಕಲ್ಲು, ನೆಲ್ಲು ಹೆಕ್ಕಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಬುಟ್ಟಿಗೆ ಇಳಿಸುವೆ. ಹೊರಗೆ ತೆಂಕಣ ಗಾಳಿ ಬೀಸುತ್ತಿತ್ತು. ಜೋರೇನಲ್ಲ, ಆದರೆ ಬಿಟ್ಟೂ ಇರಲಿಲ್ಲ. ಒಲೆಯ ಹೊಗೆ ಹಿಂದಿನ ದಿನದಿಂದ ಬಡಗು ಮೂಲೆಗೇ ವಾಲಿ, ಅಲ್ಲಿನ ಗೋಡೆಯನ್ನು ಮಾತ್ರ ಕಪ್ಪು ಮಾಡುತ್ತಿತ್ತು. ನಾನು ಅಕ್ಕಿಗಿಂತ ಹೆಚ್ಚಾಗಿ ಆ ಹೊಗೆಯನ್ನೇ ನೋಡುತ್ತಿದ್ದೆ.

ಒಂದು ಸೇರು ಮುಗಿಯಿತು. ಎದ್ದು ಹೋಗಿ ಇನ್ನೊಂದು ಸೇರು ತಂದು ಸುರಿದೆ. ಅದು ಮುಗಿದ ಮೇಲೆ ಮೂರನೆಯದು. ಅಕ್ಕ ತಲೆಯೆತ್ತಿದಳು.

"ಯಾರ ಮದುವೆ?"

ನಾನು ಕೈ ಆಡಿಸುತ್ತಲೇ ಇದ್ದೆ. ಅವಳು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು.

"ಗಾಳಿಮಡಕೆಗೆ ಒಂದು ಸೇರು ಸಾಕಲ್ಲ ಮಾರಾಯ್ತಿ. ಮೂರು ಎಂತಕ್ಕೆ?"

"ಬೇಕಾದೀತು," ಎಂದೆ.

ಸೇಸಿ ಅಕ್ಕ ಯಾವುದನ್ನೇ ಆಗಲಿ ನನ್ನಲ್ಲಿ ಎರಡು ಸಲ ಕೇಳುವಳು. ಮೊದಲ ಸಲ ಯಾರು ಏನು ಕೇಳಿದರೂ ನನ್ನ ಗಂಟಲು ಮುಚ್ಚಿಕೊಳ್ಳುತ್ತಿತ್ತು. ತುಸು ತಡೆದು ಮತ್ತೊಮ್ಮೆ ಕೇಳಿದರೆ ಅದು ತಾನಾಗಿ ತೆರೆದುಕೊಳ್ಳುತ್ತಿತ್ತು. ಇದನ್ನು ಕಂಡುಕೊಂಡವಳು ಅವಳೊಬ್ಬಳೇ. ಶಾಲೆಯಲ್ಲಿ ಯಾರೂ ಎರಡನೆಯ ಸಲ ಕೇಳಲಿಲ್ಲ. ಮಾಸ್ಟರು ಪ್ರಶ್ನೆ ಹಾಕುವರು, ಉತ್ತರ ನನ್ನ ನಾಲಿಗೆಯ ಬುಡದಲ್ಲಿ ಬಂದು ನಿಲ್ಲುವುದು, ಅಷ್ಟರಲ್ಲಿ ಅವರು ಮುಂದಿನ ಬೆಂಚಿಗೆ ಹೋಗಿರುವರು. ಐದನೆಯ ತರಗತಿಯ ನಡುವೆ ಒಂದು ದಿನ ನಾನು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಯಾರೂ ಕರೆಯಲು ಬರಲಿಲ್ಲ. ಹಾಗೆ ನನ್ನ ಓದು ಮುಗಿಯಿತು. ಅಮ್ಮ ನಾನು ಮಗುವಾಗಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ಕಡಲಿಗೆ ಹೋಗುವವನು. ಮನೆಯಲ್ಲಿ ಅಜ್ಜಿ ಇದ್ದಳು, ಒಲೆ ಇತ್ತು. ನಾನು ಒಲೆಯ ಬಳಿ ಕುಳಿತು ಎಲ್ಲವನ್ನೂ ನೋಡುತ್ತ ಬೆಳೆದೆ.

ನಮ್ಮ ಊರು ಅಳಿವೆಯ ಪಕ್ಕದಲ್ಲಿತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ನಲವತ್ತು ಮನೆಗಳು ಕೂತ ಮರಳಿನ ಪಟ್ಟಿ. ಕಡಲಿನಿಂದ ದೊಡ್ಡ ಗಾಳಿಗಳು ಎದ್ದು ಬಂದು ನಮ್ಮ ಮೇಲಿಂದಲೇ ನೆಲಕ್ಕೆ ಹತ್ತುತ್ತಿದ್ದವು. ಹಾಗೆ ಬಂದಾಗ ಊರಿನವರೆಲ್ಲ ದಿಣ್ಣೆಯ ಮೇಲಿನ ಉಪ್ಪಿನ ಕೋಠಿಗೆ ಹೋಗುವರು. ಕೆಂಪುಕಲ್ಲಿನ ದಪ್ಪ ಗೋಡೆಗಳ ಹಳೆಯ ಉಗ್ರಾಣ ಅದು. ಒಂದೇ ಬಾಗಿಲು, ಅದಕ್ಕೆ ಹಲಸಿನ ಮರದ ಅಗುಳಿ.

ಗಾಳಿಯ ಹೊಟ್ಟೆಯ ನಡುವೆ ಒಂದು ತೂತು ಇರುತ್ತದೆ ಎಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಆ ತೂತು ಊರಿನ ಮೇಲೆ ಬಂದಾಗ ಎಲ್ಲವೂ ನಿಂತು ಬಿಸಿಲು ಬೀಳುತ್ತದೆ. ಮುಗಿಯಿತೆಂದು ಹೊರಗೆ ಹೋದವರ ಮೇಲೆ ಗಾಳಿಯ ಇನ್ನರ್ಧ ಎದುರು ದಿಕ್ಕಿನಿಂದ, ಕಡಲನ್ನೂ ಎಳೆದುಕೊಂಡು, ಬರುತ್ತದೆ. ಆದ್ದರಿಂದ ಗಾಳಿ ನಿಂತ ಕ್ಷಣ ಕೋಠಿಯೊಳಗೆ ಒಂದು ಸೇರು ಕುಚ್ಚಲಕ್ಕಿಯ ಮಡಕೆಯನ್ನು ಒಲೆಗೆ ಏರಿಸಬೇಕು; ಅದೇ ಗಾಳಿಮಡಕೆ. ಕುಚ್ಚಲಕ್ಕಿ ನಿಧಾನ ಬೇಯುವ ಅಕ್ಕಿ. ಅದು ಬೇಯುವ ತನಕ ಯಾರೂ ಅಗುಳಿ ಮುಟ್ಟುವಂತಿಲ್ಲ. ಅಷ್ಟರಲ್ಲಿ ಗಾಳಿ ಮರಳದಿದ್ದರೆ ಅದು ಹೋಯಿತೆಂದು ಅರ್ಥ. ಅಕ್ಕಿ ಬೆಂದಿತೆಂದು ಹೇಳುವ ಹಕ್ಕು ನಮ್ಮ ಮನೆಯ ಹೆಂಗಸಿನದು. ಅಜ್ಜಿಗೆ ಅವಳ ತಾಯಿಯಿಂದ ಬಂದದ್ದು. ಅಜ್ಜಿ ಸತ್ತ ಮೇಲೆ, ಸದಾ ಒಲೆಯ ಬಳಿ ಇರುವವಳು ನಾನೇ ಆದ್ದರಿಂದ, ನನಗೆ ಬಂದಿತು.

ಇನ್ನೊಂದು ಕೆಲಸವೂ ನಮ್ಮ ಮನೆಯದೇ. ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ಮೇಲೆ ಎಳೆದಿಟ್ಟ ದಿನ ಊರೆಲ್ಲ ಕೋಠಿಯಲ್ಲಿ ಸೇರುವುದು. ಆಗ ಹಿಂದೆ ಬಂದು ಹೋದ ಗಾಳಿಗಳ ಹೆಸರನ್ನು ಸಾಲಾಗಿ ಹೇಳಬೇಕು. ಹಂದಿಗಾಳಿ: ನೆಲವನ್ನು ಮೂತಿಯಿಂದ ಅಗೆಯುತ್ತ ಬಂದು ಮಧ್ಯಾಹ್ನಕ್ಕೆ ದಾಟಿತು. ದಿಬ್ಬಣದ ಗಾಳಿ: ಮದುಮಗಳು ಹೊಳೆ ದಾಟುವಾಗ ಬಂದದ್ದು, ಅನ್ನ ಅರ್ಧ ಬೇಯುವುದರೊಳಗೆ ತೂತು ಕಳೆಯಿತು. ಕಾಗೆಗಾಳಿ, ಬಾವಿ ಉಪ್ಪಾದ ಗಾಳಿ, ಒಂದೇ ತಿಂಗಳಲ್ಲಿ ಬಂದ ಜೋಡಿಗಾಳಿಗಳು ಎರಡು. ಹೀಗೆ ಆರು ಹೆಸರು ಹೇಳಿದ ಮೇಲೆ ಅಜ್ಜಿ ನಿಲ್ಲಿಸಿ, ಪಕ್ಕದಲ್ಲಿಟ್ಟ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿಯುವಳು. ಅನಂತರ ಉಳಿದ ನಾಲ್ಕು. ಅದೂ ಸಂಪ್ರದಾಯವೆಂದೇ ಎಲ್ಲರೂ ತಿಳಿದಿದ್ದರು. ಅಜ್ಜಿ ಹೋದ ಮೇಲೆ ಹೆಸರು ಹೇಳುವ ಸರದಿ ನನ್ನದಾದಾಗ, ನಾನು ಅಕ್ಕನ ಬೆನ್ನ ಹಿಂದೆ ಕುಳಿತು ಪಿಸುಗುಟ್ಟಿದೆ, ಅವಳು ಗಟ್ಟಿಯಾಗಿ ಹೇಳಿದಳು. ಆರು ಹೆಸರಾದ ಮೇಲೆ ಅವಳೂ ತಂಬಿಗೆ ಎತ್ತಿ ಒಂದು ಗುಟುಕು ಕುಡಿದಳು.

"ಮಡಕೆಗೆ ಮೂಗಿ, ಮಾತಿಗೆ ಸೇಸಿ," ಎಂದು ದೂಮಪ್ಪ ಗುರಿಕಾರರು ನಕ್ಕರು. ಊರಿನ ಹಿರಿಯರು ಅವರೇ. "ಇಬ್ಬರನ್ನೂ ಒಂದೇ ಮನೆಗೆ ಕೊಡಬೇಕು. ಇಲ್ಲದಿದ್ರೆ ಇವಳ ಗಂಡ ಹಸಿವಾದ್ರೆ ಗೋಡೆ ಹತ್ರ ಕೇಳ್ಬೇಕಾದೀತು."

"ಗೋಡೆಯಾದ್ರೂ ನಿಮ್ಮಷ್ಟು ಮಾತಾಡುದಿಲ್ಲ ಗುರಿಕಾರ್ರೇ," ಎಂದಳು ಅಕ್ಕ. ಎಲ್ಲರೂ ನಕ್ಕರು. ನಾನೂ ಅವಳ ಬೆನ್ನಿಗೆ ಮುಖ ಒತ್ತಿ ನಕ್ಕೆ.

ಆ ಗುಟುಕು ನೀರಿನ ವಿಷಯ ನನಗೆ ಮಾತ್ರ ಗೊತ್ತಿತ್ತು. ಅಜ್ಜಿ ಸಾಯುವ ಹಿಂದಿನ ಮಳೆಗಾಲದಲ್ಲಿ ಹೇಳಿದ್ದಳು. ಅವತ್ತೂ ನಾವು ಅಕ್ಕಿ ಆರಿಸುತ್ತಿದ್ದೆವು.

"ನೀನು ಯಾರಿಗೂ ಹೇಳುವವಳಲ್ಲ. ಅದಕ್ಕೇ ನಿನಗೆ ಹೇಳುದು ಮಗಾ," ಎಂದು ಶುರುಮಾಡಿದಳು. "ಆರಕ್ಕೂ ಏಳಕ್ಕೂ ನಡುವೆ ಇನ್ನೊಂದುಂಟು. ಕುಂಟಿ ಅಂತ ಅದರ ಹೆಸರು. ನನಗೆ ಆಗ ಎಂಟು ವರ್ಷ."

ಉಳಿದ ಗಾಳಿಗಳೆಲ್ಲ ಓಡಿ ಬಂದವು, ಓಡಿ ಹೋದವು. ಕುಂಟಿ ಮಾತ್ರ ಕಾಲೆಳೆಯುತ್ತ ಬಂದಿತಂತೆ. ಬರುವುದಕ್ಕೇ ಮೂರು ದಿನ ತೆಗೆದುಕೊಂಡಿತು. ಬಂದ ಮೇಲೆ ಊರಿನ ಮೇಲೆ ಕುಳಿತೇಬಿಟ್ಟಿತು. ನಡಿಗೆ ನಿಧಾನವಾದ್ದರಿಂದ ಅದರ ಹೊಟ್ಟೆಯ ತೂತೂ ನಿಧಾನವಾಗಿಯೇ ಊರು ದಾಟಿತು. ಮಡಕೆಯ ಅಕ್ಕಿ ಬೆಂದಿತು. ಅಜ್ಜಿಯ ತಾಯಿ ಬೆಂದಿದೆ ಎಂದಳು. ಅಗುಳಿ ತೆಗೆದರು. ಹೊರಗೆ ಎಳೆಬಿಸಿಲು, ಆಕಾಶ ತೊಳೆದಿಟ್ಟಂತೆ ಇತ್ತು. ಜನ ದೋಣಿ ನೋಡಲು ಇಳಿದು ಹೋದರು.

"ಮೂರು ಮಡಕೆ ಬೇಯುವಷ್ಟು ಹೊತ್ತು ಸುಮ್ಮನಿತ್ತು ಮಗಾ. ಆಮೇಲೆ ಬಂತು."

ಬದುಕಿ ಉಳಿದ ಹಿರಿಯರು ಸೇರಿ ಒಂದು ತೀರ್ಮಾನ ಮಾಡಿದರಂತೆ. ಮಡಕೆ ತಪ್ಪಿತು ಎಂದು ಗೊತ್ತಾದರೆ ನಾಳೆ ಯಾರೂ ಅದಕ್ಕಾಗಿ ಕಾಯುವುದಿಲ್ಲ; ಬಿಸಿಲು ಕಂಡ ಕೂಡಲೇ ಓಡುತ್ತಾರೆ. ಅದಕ್ಕೆ ಆ ಹೆಸರನ್ನೇ ಸಾಲಿನಿಂದ ಬಿಟ್ಟುಬಿಡುವುದು. ಸತ್ತವರನ್ನು ಆರನೆಯ ಗಾಳಿಯ ಲೆಕ್ಕಕ್ಕೆ ಸೇರಿಸಿದರು. ಅಜ್ಜಿಯ ತಾಯಿ ಮಾತ್ರ ಅಲ್ಲಿಗೆ ಬಂದಾಗ ನೀರು ಕುಡಿಯತೊಡಗಿದಳು. ಹೆಸರು ನುಂಗುವುದಕ್ಕೆ ಏನಾದರೂ ಬೇಕಲ್ಲ.

"ಇವತ್ತು ಅದನ್ನು ಕಂಡವರು ನನ್ನ ಬಿಟ್ರೆ ಯಾರೂ ಇಲ್ಲ. ಅದು ಮತ್ತೆ ಬಾರದಿದ್ರೆ ಹೇಳುದೇ ಬೇಡ. ಬಂದ ದಿನ ಮಾತ್ರ ಹೇಳು. ಒಲೆಯ ಹೊಗೆ ನೋಡ್ತಾ ಇರು. ಓಡುವ ಗಾಳಿಯಲ್ಲಿ ಹೊಗೆ ಮೂಲೆಯಿಂದ ಮೂಲೆಗೆ ತಿರುಗ್ತದೆ. ಕುಂಟಿಯಾದ್ರೆ ಎರಡು ದಿನ, ಮೂರು ದಿನ ಒಂದೇ ಮೂಲೆ. ಹಾಗೆ ಕಂಡ್ರೆ ಮೂರು ಮಡಕೆ ಬೇಯ್ಲಿ ಅಂತ ಹೇಳು. ಹೇಳ್ತಿಯಲ್ಲ?"

ನಾನು ತಲೆಯಾಡಿಸಿದೆ. ಅಜ್ಜಿ ಅದನ್ನೇ ಮಾತು ಕೊಟ್ಟದ್ದೆಂದು ತಿಳಿದಳು.

ಅಕ್ಕ ನನ್ನನ್ನು "ಮೂರು ಎಂತಕ್ಕೆ?" ಎಂದು ಕೇಳಿದ ದಿನ ನನಗೆ ಹದಿನೇಳು, ಅವಳಿಗೆ ಇಪ್ಪತ್ತು. ಮರುದಿನವೂ ಹೊಗೆ ಬಡಗು ಮೂಲೆಯಲ್ಲಿಯೇ ಇತ್ತು. ಅಂದು ಗಾಳಿ ಜೋರಾಗಿ, ಅಳಿವೆಯ ನೀರು ಬೂದಿಬಣ್ಣಕ್ಕೆ ತಿರುಗಿತು. ಗುರಿಕಾರರು ಮನೆಮನೆಗೆ ಹೋಗಿ ಜನರನ್ನು ಹೊರಡಿಸಿದರು. ನಾನು ಮಡಕೆಯನ್ನೂ ಮೂರು ಸೇರು ಅಕ್ಕಿಯ ಗಂಟನ್ನೂ ಸೊಂಟದಲ್ಲಿಟ್ಟುಕೊಂಡು ದಿಣ್ಣೆ ಹತ್ತಿದೆ. ಹತ್ತುತ್ತಿದ್ದಷ್ಟು ಹೊತ್ತೂ ವಾಕ್ಯವನ್ನು ಜೋಡಿಸುತ್ತಿದ್ದೆ. ಇದು ಕುಂಟಿ, ಮೂರು ಮಡಕೆ ಬೇಯಬೇಕು. ಐದೇ ಐದು ಪದ. ಮೊದಲು ಅಕ್ಕನಿಗೆ ಹೇಳುವುದು, ಅವಳು ಎಲ್ಲರಿಗೂ ಹೇಳುತ್ತಾಳೆ ಎಂದುಕೊಂಡೆ. ಆದರೆ ಕೋಠಿಯಲ್ಲಿ ಅಕ್ಕ ಒಂದು ಕಡೆ ನಿಲ್ಲಲಿಲ್ಲ. ಮುದುಕರಿಗೆ ಚಾಪೆ ಹಾಸುವುದು, ಅಳುವ ಮಕ್ಕಳನ್ನು ನಗಿಸುವುದು, ಅಪ್ಪನ ಜೊತೆ ಬಾಗಿಲಿಗೆ ಗೂಟ ಕೊಡುವುದು. ಆಮೇಲೆ ಹೇಳಿದರಾಯಿತು ಎಂದು ನಾನು ನನ್ನನ್ನು ಸಮಾಧಾನ ಮಾಡಿಕೊಳ್ಳುತ್ತ ಹೋದೆ. ಹೊತ್ತು ಬೇಕಾದಷ್ಟಿತ್ತು. ಆ ಗಾಳಿ ಅಷ್ಟು ನಿಧಾನವಾಗಿತ್ತು.

ಒಂದೂವರೆ ದಿನ ಅದು ಕೋಠಿಯ ಗೋಡೆಯನ್ನು ಹೆಗಲಿನಿಂದ ತಳ್ಳುತ್ತಲೇ ಇತ್ತು. ಹಂಚು ಒಂದೊಂದಾಗಿ ಹೋಗುವ ಸದ್ದು ಕೇಳುತ್ತಿತ್ತು. ಕೋಠಿಗೆ ಬಂದ ಮೂರನೆಯ ದಿನ ಬೆಳಿಗ್ಗೆ, ಯಾರೋ ಬಾಯಿ ಮುಚ್ಚಿದಂತೆ, ಅದು ನಿಂತಿತು. ಬಾಗಿಲ ಸಂದಿಯಿಂದ ಬಿಸಿಲಿನ ಗೆರೆಯೊಂದು ಬಂದು ನೆಲದ ಮೇಲೆ ಬಿದ್ದಿತು.

ನಾನು ಮೊದಲ ಸೇರನ್ನು ಮಡಕೆಗೆ ಹಾಕಿದೆ.

ಜನರೆಲ್ಲ ನನ್ನ ಸುತ್ತ ಕುಳಿತರು. ಅಷ್ಟು ಕಣ್ಣುಗಳು ಒಟ್ಟಿಗೆ ನನ್ನ ಕೈಯನ್ನು ನೋಡಿದ್ದು ಅದೇ ಮೊದಲು. ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ನೀರು ಕುದಿಯಿತು. ಅಕ್ಕಿ ಮೇಲೆ ಬಂದು ಕೆಳಗಿಳಿಯಿತು. ಗಂಜಿತಿಳಿ ಕೆಂಪಾಯಿತು. ಇದು ಕುಂಟಿ, ಮೂರು ಮಡಕೆ ಬೇಯಬೇಕು. ಬಿಸಿಲಿನ ಗೆರೆ ಒಂದು ಗೇಣು ಸರಿಯಿತು. ಹೊರಗೆ ಒಂದು ಹಕ್ಕಿ ಕೂಗಿತು. ಹೆಂಗಸೊಬ್ಬಳು, "ಹಕ್ಕಿ ಬಂತಲ್ಲ, ಇನ್ನೆಂತ," ಎಂದಳು.

"ಬೆಂದಿತಾ?" ಎಂದರು ಗುರಿಕಾರರು.

ಅನ್ನದ ಒಂದಗುಳನ್ನು ಸೌಟಿನಿಂದ ತೆಗೆದು ಬೆರಳುಗಳ ನಡುವೆ ಒತ್ತಿದೆ. ಅದು ಬೆಂದಿತ್ತು. ನಾನು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸಿದೆ. ಅದರ ಮುಂದಿನ ವಾಕ್ಯ ಗಂಟಲಿಗೆ ಬಂದು, ಇನ್ನೊಂದು ಸಲ ಯಾರಾದರೂ ಕೇಳಲಿ ಎಂದು ಅಲ್ಲೇ ನಿಂತಿತು.

ಅಗುಳಿಯನ್ನು ಎಳೆದ ಸದ್ದಾಯಿತು. ಕೋಠಿಯೊಳಗೆ ಬೆಳಕು ನುಗ್ಗಿ ಎಲ್ಲರೂ ಕಣ್ಣು ಕಿರಿದು ಮಾಡಿದರು. ನಾನು ಬೆಂದ ಅನ್ನವನ್ನು ಬಸಿದು, ಅದೇ ಮಡಕೆಗೆ ನೀರು ಹೊಯ್ದು, ಎರಡನೆಯ ಸೇರನ್ನು ಸುರಿದು ಒಲೆಯ ಮೇಲಿಟ್ಟೆ. ಬಾಯಿಂದ ಆಗದ್ದನ್ನು ಕೈಯಿಂದ ಹೇಳಬಹುದೆಂದು ಎಣಿಸಿದ್ದೆ. ಗುರಿಕಾರರು ಹೊಸ್ತಿಲಲ್ಲಿ ನಿಂತು ಅದನ್ನು ಕಂಡರು.

"ನೋಡಿ, ಮೂಗಿಗೆ ನಮ್ಮ ಹೊಟ್ಟೆಯ ಚಿಂತೆ," ಎಂದರು ಪ್ರೀತಿಯಿಂದ. "ಇಡು ಮಗಾ, ಇಡು. ದೋಣಿ ಮೇಲೆ ಎಳೆದು ಹಸಿದುಕೊಂಡೇ ಬರ್ತೇವೆ."

ಗಂಡಸರು ಹೊರಟರು. ದೋಣಿ ಎಳೆಯಲು ಕೈ ಸಾಲದೆಂದು ಗಟ್ಟಿಯಾದ ಹೆಂಗಸರೂ ಹೊರಟರು. ಅಕ್ಕ ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಳ್ಳುತ್ತ ನನ್ನನ್ನು ದಾಟಿ ಹೋದವಳು, ಬಾಗಿಲ ಬಳಿ ನಿಂತು ತಿರುಗಿದಳು. ನನ್ನ ಮುಖ ನೋಡಿದಳು. ಮಡಕೆಯನ್ನು ನೋಡಿದಳು. ಹಿಂದಕ್ಕೆ ಬಂದು ನನ್ನ ಎದುರು ಕುಕ್ಕರಗಾಲಿನಲ್ಲಿ ಕುಳಿತಳು.

"ಎಂತದೇ? ಎಂತ ಹೇಳ್ಲಿಕ್ಕುಂಟು?"

ನನ್ನ ಬಾಯಿ ತೆರೆದಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

"ಏನಿಲ್ಲ," ಎಂದೆ.

ಮೊದಲ ಸಲ ನಾನು ಹೇಳುವುದು ಯಾವಾಗಲೂ ಅದನ್ನೇ. ಅದು ಅವಳಿಗೆ ಗೊತ್ತಿತ್ತು. ಅವಳು ಏಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕಾದಳು. ಇನ್ನೊಂದು ಉಸಿರಿನಷ್ಟು ಹೊತ್ತು ಕಳೆದಿದ್ದರೆ ಮತ್ತೆ ಕೇಳುತ್ತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ಅಪ್ಪನ ಕೂಗು ಬಂದಿತು: "ಸೇಸೀ, ಹಗ್ಗ ತಾ, ಬೇಗ."

ಅಕ್ಕ ಎದ್ದು ಗೋಡೆಯ ಗೂಟದಿಂದ ಹಗ್ಗವನ್ನು ಎಳೆದುಕೊಂಡಳು.

"ಬಂದು ಕೇಳ್ತೇನೆ," ಎಂದಳು. "ನೆನಪಿಟ್ಟುಕೊ."

ಬಾಗಿಲ ಬೆಳಕಿನಲ್ಲಿ ಅವಳ ಬೆನ್ನು ಒಂದು ಕ್ಷಣ ಕಂಡು ದಿಣ್ಣೆಯ ಕೆಳಗೆ ಇಳಿದು ಹೋಯಿತು. ನಾನು ಒಲೆಗೆ ಕಟ್ಟಿಗೆ ದೂಡಿದೆ. ಆಗಲೂ ಎದ್ದು ಓಡಬಹುದಿತ್ತು. ಸೆರಗು ಹಿಡಿದು ಎಳೆಯಬಹುದಿತ್ತು. ಅದಕ್ಕೆ ಮಾತೇ ಬೇಕಿರಲಿಲ್ಲ. ಅದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಅಂದು ನಾನು ಅಕ್ಕಿ ಬೇಗ ಬೇಯಲಿ ಎಂದು ಉರಿ ಹೆಚ್ಚು ಮಾಡುತ್ತ ಕುಳಿತಿದ್ದೆ. ಅದೆಂಥ ಮರುಳೋ, ನನ್ನ ಮಡಕೆ ಬೇಗ ಬೆಂದರೆ ಗಾಳಿಯ ತೂತು ಬೇಗ ದಾಟಿಹೋಗುತ್ತದೆ ಎಂಬಂತೆ.

ಎರಡನೆಯ ಮಡಕೆಯಲ್ಲಿ ಅಕ್ಕಿ ಒಡೆಯುತ್ತಿದ್ದಾಗ ಹೊಗೆ ಅಲುಗಿತು. ದಿನಗಟ್ಟಲೆ ಬಡಗು ಮೂಲೆಗೆ ಅಂಟಿಕೊಂಡಿದ್ದು, ಗಾಳಿ ನಿಂತ ಮೇಲೆ ನೆಟ್ಟಗೆ ಏರುತ್ತಿದ್ದ ಅದು ಸುಳಿದು, ತೆಂಕಣ ಗೋಡೆಯ ಕಡೆಗೆ ಮೆಲ್ಲನೆ ಬಾಗಿತು. ಆಗ ನನಗೆ ಮಾತು ಬಂದಿತು. ಎದ್ದು ಬಾಗಿಲಿಗೆ ಹೋಗಿ ಅಕ್ಕನ ಹೆಸರು ಹಿಡಿದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ತಿಳಿದಿರಲಿಲ್ಲ. ಕೋಠಿಯಲ್ಲಿ ಉಳಿದಿದ್ದ ಮುದುಕರು ಬೆಚ್ಚಿ ನೋಡಿದರು. ಕೆಳಗೆ ಮರಳಿನ ಮೇಲೆ ಜನರು ಚಿಕ್ಕಚಿಕ್ಕದಾಗಿ ಕಾಣುತ್ತಿದ್ದರು. ಅವರ ಆಚೆ ಅಳಿವೆಯ ಬಾಯಲ್ಲಿ ನೀರು ಗೋಡೆಯಂತೆ ಎದ್ದು, ಅವಸರವಿಲ್ಲದೆ, ಒಳಗೆ ಬರುತ್ತಿತ್ತು.

ಮೊದಲೇ ದಿಣ್ಣೆಗೆ ಹತ್ತಿರವಿದ್ದವರು ಬಂದರು. ಅಪ್ಪ ಬಂದ. ಗುರಿಕಾರರು ಬಂದರು, ಅವರ ಮಗ ಬರಲಿಲ್ಲ. ಹತ್ತೊಂಬತ್ತು ಜನ ಬರಲಿಲ್ಲ. ಅಕ್ಕ ತಂದ ಹಗ್ಗವನ್ನು ಅಪ್ಪ ಸೊಂಟಕ್ಕೆ ಕಟ್ಟಿಕೊಂಡಿದ್ದ. ಅದರ ಇನ್ನೊಂದು ತುದಿ ದೋಣಿಯ ಬಳಿ ಅವಳ ಕೈಯಲ್ಲಿತ್ತಂತೆ. ಬಾಗಿಲು ಹಾಕಿದ ಮೇಲೆ ಮತ್ತೆರಡು ದಿನ ಆ ಗಾಳಿ ನಮ್ಮ ಮೇಲೆ ಕುಳಿತಿತ್ತು. ಅಷ್ಟೂ ಹೊತ್ತು ಅಪ್ಪ ಆ ಹಗ್ಗವನ್ನು ಬಿಚ್ಚಲಿಲ್ಲ. ಎರಡನೆಯ ಮಡಕೆಯ ಅನ್ನವನ್ನು ಯಾರೂ ಉಣ್ಣಲಿಲ್ಲ.

ಹದಿಮೂರನೆಯ ದಿನದ ಕಾರ್ಯಗಳು ಮುಗಿದ ಮೇಲೆ ಊರು ಕೋಠಿಯಲ್ಲಿ ಸೇರಿತು. ಗಾಳಿ ಓಡದೆ ನಿಂತದ್ದು ಹೇಗೆ, ಮಡಕೆ ತಪ್ಪಿದ್ದು ಹೇಗೆ ಎಂದು ಮಾತಾಡುತ್ತಿದ್ದರು. ನಾನು ಎದ್ದು ನಿಂತೆ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದೆ. ಕುಂಟಿಯ ಕತೆ, ಆರನೆಯ ಹೆಸರಿನ ಮೇಲೆ ಕುಡಿಯುವ ನೀರು, ಅಜ್ಜಿಗೆ ಆಡಿಸಿದ ತಲೆ, ಬಡಗು ಮೂಲೆಯ ಹೊಗೆ, ಮೂರು ಸೇರು ಅಕ್ಕಿ. ಒಂದನ್ನೂ ಬಿಡಲಿಲ್ಲ, ಎಲ್ಲೂ ತಡವರಿಸಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಹೊಡೆದರೂ ಆಗಬಹುದಿತ್ತು. ಅಪ್ಪ ನೆಲ ನೋಡುತ್ತಿದ್ದ. ಗುರಿಕಾರರು, "ಆಯ್ತು ಮಗಾ. ಕೂತ್ಕೊ," ಎಂದರು.

ಹೊರಗೆ ಬರುವಾಗ ಅವರ ಹೆಂಡತಿ ನನ್ನ ಪಕ್ಕದಲ್ಲಿ ನಡೆಯುತ್ತಿದ್ದಳು. ಮಗ ಸತ್ತ ಮೇಲೆ ಆಕೆ ಯಾರೊಂದಿಗೂ ಮಾತಾಡಿರಲಿಲ್ಲವಂತೆ. ಮೆಟ್ಟಿಲ ಬಳಿ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ನಿಜವಾಗಿಯೂ ಆಶ್ಚರ್ಯಪಟ್ಟವಳಂತೆ ಹೇಳಿದಳು:

"ಎಷ್ಟು ಚಂದ ಮಾತಾಡ್ತಿ ನೀನು."

ಗಾಳಿಮಡಕೆ ಈಗ ಗುರಿಕಾರರ ಸೊಸೆಯ ಹತ್ತಿರ ಇದೆ. ಅವಳ ಗಂಡನನ್ನೇ ಆ ನೀರು ಒಯ್ದದ್ದು. ಅವಳು ಅವಸರ ಮಾಡುವುದಿಲ್ಲವೆಂದು ಎಲ್ಲರಿಗೂ ನಂಬಿಕೆ. ಮೂರು ಮಡಕೆ ಬೇಯಬೇಕೆಂಬುದು ಈಗ ಊರಿನ ಕಟ್ಟಳೆ. ಹೆಸರುಗಳನ್ನೂ ಅವಳೇ ಹೇಳುತ್ತಾಳೆ. ಆರನೆಯದಾದ ಮೇಲೆ ನೀರು ಕುಡಿಯುವುದಿಲ್ಲ, ನೇರವಾಗಿ ಕುಂಟಿ ಎನ್ನುತ್ತಾಳೆ. ಕೊನೆಗೆ ಹನ್ನೆರಡನೆಯ ಗಾಳಿಯ ಹೆಸರು ಬರುತ್ತದೆ. ಅದನ್ನು ಇಟ್ಟವರು ಯಾರೋ ನನಗೆ ಗೊತ್ತಿಲ್ಲ. ಗಾಳಿಗಳ ಹೆಸರನ್ನು ಯಾರೂ ಕುಳಿತು ಇಡುವುದಿಲ್ಲ, ಜನರ ಬಾಯಲ್ಲಿ ತಾನಾಗಿ ಆಗುತ್ತದೆ. ಅದರ ಹೆಸರು ಮೂಗಿ. ಐದು ದಿನ ತಂಗಿತು, ಹತ್ತೊಂಬತ್ತು ಜನರನ್ನು ಒಯ್ದಿತು. ಹಾಗೆ ಹೇಳುವಾಗ ಯಾರೂ ನನ್ನ ಕಡೆ ತಿರುಗಿ ನೋಡುವುದಿಲ್ಲ. ಅಷ್ಟು ಒಳ್ಳೆಯವರು ಅವರು.

ನನಗೆ ಮಾತು ಬಂದದ್ದು ನಿಜ, ಆದರೆ ಅದನ್ನು ತೆಗೆದುಕೊಂಡು ಹೋಗಲು ಸ್ಥಳವಿಲ್ಲ. ಅಪ್ಪ ಊಟ ಬೇಕೆಂದು ಹೇಳುತ್ತಾನೆ, ಸಾಕೆಂದು ಹೇಳುತ್ತಾನೆ. ನನ್ನಲ್ಲಿ ಏನನ್ನೂ ಕೇಳುವುದಿಲ್ಲ. ಬಾವಿಯ ಬಳಿ ಹೆಂಗಸರು ನನಗೆ ದಾರಿ ಬಿಡುತ್ತಾರೆ.

ಆದರೂ ದೋಣಿಗಳನ್ನು ಮೇಲೆ ಎಳೆದಿಡುವ ದಿನ ಬಂದರೆ ನಾನು ಮೂರು ಸೇರು ಅಕ್ಕಿ ತಂದು ಸುರಿದು ಕೂರುತ್ತೇನೆ. ಈ ಸಲವೂ ಕುಳಿತೆ. ಗೆರಸೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಳ್ಳದೆ ನಡುವೆಯೇ ಇಟ್ಟೆ. ಆ ಕಡೆಯ ಅಕ್ಕಿಯನ್ನು ಯಾರೂ ಹರಡಲಿಲ್ಲ, ಅದು ಸುರಿದ ಹಾಗೆಯೇ ಗುಡ್ಡೆಯಾಗಿ ನಿಂತಿತ್ತು. ಒಲೆಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ನನ್ನ ಕಡೆಯ ಕಲ್ಲುಗಳನ್ನು ಹೆಕ್ಕಿ ಮುಗಿಸಿ, ಕೈ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕಾದೆ.

"ಅಕ್ಕ," ಎಂದೆ. "ಇನ್ನೊಂದು ಸಲ ಕೇಳು."